ಗಂಟು ಕಟ್ಟಿದ ರುಮಾಲು

ಕಮತಗಿಯ ರಾಮವ್ವ ಬೆಳಿಗ್ಗೆ ಮುಖ ತೊಳೆದ ಮೇಲೆ, ಒಲೆ ಹಚ್ಚುವುದಕ್ಕೂ ಮೊದಲು, ಗೋಡೆಯ ಗೂಡಿನಲ್ಲಿರುವ ತಗಡಿನ ಡಬ್ಬಿಯಿಂದ ಒಂದು ಚಿಟಿಕೆ ಭಂಡಾರ ತೆಗೆಯುತ್ತಾಳೆ. ಬೀರಪ್ಪನ ಗುಡಿಯಿಂದ ತಂದ ಅರಿಸಿನದ ಪುಡಿ ಅದು. ಅರ್ಧ ತನ್ನ ಹಣೆಗೆ, ಉಳಿದರ್ಧ ಹಿಂದಿನ ದಿನ ಹೊಲಿಗೆ ನಿಂತ ಜಾಗಕ್ಕೆ. ಹಳೆಯ ಬಟ್ಟೆಯ ಪದರು ಸೇರಿಸಿ ಹೊಲಿಯುತ್ತಿರುವ ಕೌದಿಯ ಮಡಿಕೆ ಬಿಚ್ಚಿ, ಸೂಜಿ ಚುಚ್ಚಿಟ್ಟ ಕಡೆ ಬೆರಳ ತುದಿಯಿಂದ ಮುಟ್ಟಿಸಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಉಳಿದ ಕೆಲಸ. ಮೈಯಲ್ಲಿ ಜ್ವರವಿದ್ದ ದಿನವೂ, ಮಗಳ ಮದುವೆಯ ದಿನವೂ ಇದು ತಪ್ಪಿಲ್ಲ.

"ಕೌದಿಗಿ ದಿನಾ ಪೂಜಿ ಆಗ್ತೈತಿ. ಗಂಡಗ ಚಾ ಮಾತ್ರ ಬಿಸಲೇರಿದ ಮ್ಯಾಲ," ಎಂದು ಗಂಡ ಕನಕಪ್ಪ ಕುರಿಗಳ ಹಗ್ಗ ಬಿಚ್ಚುತ್ತ ಅನ್ನುತ್ತಾನೆ.

"ಕೌದಿ ಚುಚ್ಚಿದ್ರೂ ಸುಮ್ನಿರ್ತೈತಿ. ನೀ ಚುಚ್ಚಲಾರದನ ಒದರ್ತಿ," ಎಂದು ರಾಮವ್ವ ಒಲೆಯ ಮುಂದೆ ಕೂರುತ್ತಾಳೆ.

ಅವಳ ಹೊಲಿಗೆ ಸಣ್ಣದು. ಸಾಲು ಅಂಚಿನಿಂದ ಶುರುವಾಗಿ, ಸುತ್ತು ಸುತ್ತಿಕೊಂಡು, ನಡುವಿಗೆ ಬಂದು ಮುಗಿಯುತ್ತದೆ. ಆದರೆ ಊರಿನವರು ಅವಳ ಬಳಿ ಬರುವುದು ಹೊಲಿಗೆಗಾಗಿ ಮಾತ್ರವಲ್ಲ. ಕೌದಿ ಹೊಲಿಯುವವರ ಮೇಲೆ ಎಲ್ಲ ಊರಲ್ಲೂ ಒಂದು ಗುಮಾನಿ ಇದ್ದೇ ಇರುತ್ತದೆ. ಐದು ಸೀರೆ ಕೊಟ್ಟರೆ ನಾಲ್ಕು ಒಳಗೆ ಹೋಗುತ್ತವೆ, ಒಂದು ಅವಳ ಮನೆಯಲ್ಲೇ ಉಳಿಯುತ್ತದೆ ಎಂಬ ಮಾತು. ಒಳಗಿನ ಪದರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ಹಿಂದಿನ ಓಣಿಯಲ್ಲಿ ಒಬ್ಬಳು ಚೆನ್ನಾಗಿ ಹೊಲಿಯುತ್ತಿದ್ದಳು. ಯಾರದೋ ಮನೆಯ ಪತ್ತಲ ಸೀರೆ ಅವಳ ಮಗಳ ಮೈಮೇಲೆ ಕಂಡಿತೆಂದು "ಅರಬಿ ಕದಿಯಾಕಿ" ಎಂದು ಬಟ್ಟೆಗಳ್ಳಿಯ ಹೆಸರು ಬಂತು. ಆಮೇಲೆ ಅವಳ ಕಟ್ಟೆಗೆ ಹಳೆಯ ಅರಿವೆಯ ಒಂದು ಗಂಟೂ ಬರಲಿಲ್ಲ. ಈಗ ಅವಳು ಕೂಲಿಗೆ ಉಳ್ಳಾಗಡ್ಡಿ ಹೆಚ್ಚಲು ಹೋಗುತ್ತಾಳೆ.

ರಾಮವ್ವನಿಗೆ ಅವಳ ತಾಯಿ ಎರಡು ಮಾತು ಕಲಿಸಿದ್ದಳು. ಕೊಟ್ಟ ಅರಿವೆಯೆಲ್ಲ ಒಳಗೆ ಹೋಗಬೇಕು. ಗಂಟು ಕಟ್ಟಿ ತಂದ ಅರಿವೆ ಮಾತ್ರ ಹೋಗಬಾರದು. ಹೊಲಿದ ಕೌದಿಯನ್ನು ಅದರಲ್ಲೇ ಕಟ್ಟಿ ಕಳಿಸಬೇಕು. ಗಂಟಿನ ಅರಿವೆ ಆ ಮನೆಯದು, ಅದು ಮನೆಗೆ ತಿರುಗಿ ಹೋಗಬೇಕು. ಈ ಎರಡು ಮಾತಿನ ಮೇಲೆ ರಾಮವ್ವನ ಹೆಸರು ನಿಂತಿತ್ತು.

ಆ ಸೋಮವಾರ ಗಂಟು ಬಂದದ್ದು ಪೇಟೆಯ ನೀಲಾಬಾಯಿಯವರ ಮನೆಯಿಂದ. ಸೊಸೆ ನೇತ್ರಾ ಸ್ಕೂಟಿಯ ಮುಂದೆ ಕಾಲ ಬಳಿ ಇಟ್ಟುಕೊಂಡು ತಂದಳು. ನೀಲಾಬಾಯಿಯ ಮಗಳು ಶಿವಗಂಗಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬಿತ್ತು. ಮುಂದಿನ ಸೋಮವಾರ ತಾಯಿ, ಕೂಸು ಇಬ್ಬರನ್ನೂ ಬಾಗಲಕೋಟೆಗೆ, ಗಂಡನ ಮನೆಗೆ ಕಳಿಸಬೇಕು. ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ತೊಟ್ಟಿಲು, ತೊಟ್ಟಿಲಿನ ಜೊತೆ ತವರಿನ ಹಳೆಯ ಅರಿವೆಯ ಕೌದಿ, ಎರಡೂ ಹೋಗಬೇಕು.

ರಾಮವ್ವ ಗಂಟು ಬಿಚ್ಚಿದಳು. ನೀಲಾಬಾಯಿ ಉಟ್ಟು ಹಳೆಯದಾದ ಎರಡು ಇಳಕಲ್ ಸೀರೆ, ಶಿವಗಂಗಾ ಚಿಕ್ಕವಳಿದ್ದಾಗಿನ ಹೂವಿನ ಲಂಗ, ಒಂದು ಧೋತರ. ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಇಳಕಲ್ ಸೀರೆ ವರ್ಷಗಟ್ಟಲೆ ಉಟ್ಟು ಒಗೆದ ಮೇಲೆ ಬೆಣ್ಣೆಯಾಗುತ್ತದೆ. ಇಂಥ ಅರಿವೆ ಕೈಗೆ ಬಂದ ದಿನ ರಾಮವ್ವನಿಗೆ ಊಟ ಹೆಚ್ಚು ಸೇರುತ್ತದೆ.

"ರಾಮಕ್ಕಾ, ಇಲ್ಲಿ ನೋಡ್ರಿ," ಎಂದು ನೇತ್ರಾ ಗಂಟು ಕಟ್ಟಿದ್ದ ಉದ್ದನೆಯ ಅರಿವೆ ತೋರಿಸಿದಳು. ಹಿಂದೊಮ್ಮೆ ಬಿಳಿಯದಿದ್ದು ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. "ಇದು ನಮ್ಮ ಮಾವಾರ ರುಮಾಲ. ಅತ್ತ್ಯಾರು ತಾವ ಕೈಲೆ ಕಟ್ಟ್ಯಾರ. ಮೊಮ್ಮಗನ ಕೌದಿಗಿ ಅಜ್ಜನ ಕೈ ಮುಟ್ಟಿದಂಗ ಆಗ್ಲಿ ಅಂದ್ರು. ಹೊಳ್ಳಿ ಇದರಾಗ ಕಟ್ಟಿ ಕೊಡ್ರಿ."

ಮಾವ ಸಂಗಯ್ಯನವರು ಕೂಸು ಹುಟ್ಟುವುದಕ್ಕೆ ಮೊದಲೇ ತೀರಿಹೋಗಿದ್ದರು. ಅವರು ಅಂಗಡಿಗೆ ಹೋಗುವಾಗ, ಕೂಡಲಸಂಗಮಕ್ಕೆ ಹೋಗುವಾಗ ತಲೆಗೆ ಸುತ್ತುತ್ತಿದ್ದ ರುಮಾಲುಗಳಲ್ಲಿ ಮಿಕ್ಕವನ್ನೆಲ್ಲ ಕರ್ಮ ಮುಗಿದ ಮೇಲೆ ದಾನ ಕೊಟ್ಟಿದ್ದರು. ಇದೊಂದನ್ನು ನೀಲಾಬಾಯಿ ದೇವರ ಜಗಲಿಯ ಪಕ್ಕದ ಗೂಟಕ್ಕೆ ಹಾಕಿಟ್ಟುಕೊಂಡಿದ್ದರು.

"ಆತೇಳ ತಂಗಿ, ಅದನ್ನ ನನಗ ಹೇಳಬೇಕೇನು? ಗಂಟಿನ ಅರಬಿ ನಾ ಯಾರದೂ ಇಟಗೊಂಡಾಕಿ ಅಲ್ಲ," ಎಂದಳು ರಾಮವ್ವ. ಸ್ವಲ್ಪ ಹೆಮ್ಮೆಯಿಂದಲೇ ಅಂದಳು.

ಮಂಗಳವಾರ ಎರಡೂ ಸೀರೆಗಳನ್ನು ನೀರಿನಲ್ಲಿ ಅದ್ದಿ ತೆಗೆದು ಹಿತ್ತಿಲಿನ ಬೇಲಿಯ ಮೇಲೆ ಹರವಿದಳು. ಕನಕಪ್ಪನ ಕುರಿಗಳ ಜೊತೆ ಒಂದು ಆಡು ಇದೆ. ಮನೆಯಲ್ಲಿ ಮುದ್ದು ಹೆಚ್ಚಾಗಿ ಕಟ್ಟಿದ ಹಗ್ಗವನ್ನು ಕಡಿದುಕೊಳ್ಳುವ ಚಾಳಿ ಅದಕ್ಕೆ. ರಾಮವ್ವ ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಒಂದು ಸೀರೆಯ ಸೆರಗು ಅದರ ಬಾಯಲ್ಲಿತ್ತು. ಹೋ ಎಂದು ಕೂಗಿದ್ದಕ್ಕೆ ಬೆದರಿ ಓಡಿತು. ಸೀರೆ ಬೇಲಿಯ ಮುಳ್ಳಿಗೆ ಸಿಕ್ಕಿತ್ತು. ಹಳೆಯ ನೂಲು, ತಡೆಯಲಿಲ್ಲ. ಉದ್ದಕ್ಕೂ ಸೀಳಿ, ಎಳೆ ಎಳೆಯಾಗಿ, ಹಿಕ್ಕೆಯಲ್ಲಿ ಹೊರಳಿ, ಕೈಗೆ ಬಂದಾಗ ಅದು ಒಲೆ ಒರೆಸಲೂ ಬರುವಂತಿರಲಿಲ್ಲ.

"ನಿನ್ನ ಆಡಿನ ಬಾಯಾಗ ಮಣ್ಣು ಬೀಳ್ಲಿ!"

"ಅದಕೇನ ಗೊತ್ತ, ಇಳಕಲ್ಲ ಸೀರಿನೋ ಇಪ್ಪಿ ಸೊಪ್ಪೋ," ಎಂದು ಕನಕಪ್ಪ ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. "ಹೋಗಿ ಹೇಳು ಅವರಿಗಿ. ಇನ್ನೊಂದ ಸೀರಿ ಕೊಡ್ತಾರ. ಆದ್ರ ಆಡು ತಿಂತು ಅಂತ ಹೇಳಬ್ಯಾಡ, ಊರೆಲ್ಲ ನಗ್ತೈತಿ."

ಹೋಗಿ ಹೇಳಬೇಕೆಂದೇ ರಾಮವ್ವ ಅಂದುಕೊಂಡಳು. ಸಂಜೆ ಹೋದರಾಯಿತು ಎಂದಳು. ಸಂಜೆ ಕಾಲುನೋವು ಬಂತು. ಬುಧವಾರ ಬೆಳಿಗ್ಗೆ ಹೋಗುವುದೆಂದಾಯಿತು. ಬುಧವಾರ ಬೆಳಿಗ್ಗೆ ನೆಲ ಗುಡಿಸಿ, ಅರಿವೆ ಹರವಿ ನೋಡೋಣ, ಎಷ್ಟು ಕಡಿಮೆ ಬೀಳುತ್ತದೋ ತಿಳಿದುಕೊಂಡೇ ಹೋಗೋಣ ಎಂದು ಕೂತಳು. ತಳಕ್ಕೆ ಧೋತರ ಹಾಸಿ ನಾಲ್ಕೂ ಮೂಲೆಗೆ ಕಲ್ಲಿಟ್ಟಳು. ಮೇಲಿನ ಹೊದಿಕೆಗೆ ಉಳಿದ ಸೀರೆ, ಅದರ ಮೇಲೆ ಹಚ್ಚುವ ಚೌಕಗಳಿಗೆ ಲಂಗ. ನಡುವಿನ ಪದರು ಇಲ್ಲ. ನಡುವಿನ ಪದರಿಗೆ ಕೌದಿಯ ಹೊಟ್ಟೆ ಅನ್ನುತ್ತಾರೆ. ಹೊಟ್ಟೆ ತೆಳ್ಳಗಾದರೆ ಕೂಸಿಗೆ ನೆಲದ ಥಂಡಿ ತಾಕುತ್ತದೆ.

ಪಕ್ಕದಲ್ಲಿ ರುಮಾಲು ಮಡಿಸಿಟ್ಟಿತ್ತು. ಸುಮ್ಮನೆ ಅಳತೆ ನೋಡಲು ಅದನ್ನು ಹಾಸಿದಳು. ಮೂರು ತುಂಡು ಮಾಡಿ ಒತ್ತೊತ್ತಾಗಿ ಇಟ್ಟರೆ ಸರಿಯಾಗಿ ಕೂರುತ್ತದೆ ಎಂದು ಕೈಗೆ ತಿಳಿಯಿತು. ಕೈಗೆ ತಿಳಿದ ಮೇಲೆ ಮನಸ್ಸಿಗೆ ನೆಪ ಸಿಗುವುದು ತಡವಾಗಲಿಲ್ಲ. ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಗಂಟಿನ ಅರಿವೆ ಕೇಳುವುದಿಲ್ಲ. ಕೂಸಿಗೆ ಅಜ್ಜನ ಅರಿವೆಗಿಂತ ಒಳ್ಳೆಯದು ಯಾವುದಿದೆ? ಇಳಕಲ್ಲಿಗೆ ಹೋದಾಗ ಇಂಥದೇ ಒಂದು ತಂದು ಕೊಟ್ಟರೆ ಯಾರಿಗೆ ತಿಳಿಯುತ್ತದೆ?

ಕತ್ತರಿ ಹಾಕಿದಾಗ ಸದ್ದೇ ಬರಲಿಲ್ಲ. ಅಷ್ಟು ಮೆತ್ತಗಾಗಿತ್ತು ಅದು.

ಗುರುವಾರ ಮಧ್ಯಾಹ್ನ ಕೊನೆಯ ಮೂಲೆಗೆ ಬಂದಳು. ಆ ಮೂಲೆಯನ್ನು ಮುಚ್ಚುವ ಮೊದಲು ಒಣ ರೊಟ್ಟಿಯ ಉಗುರಿನಷ್ಟು ಚೂರನ್ನು ಒಳಗಿಡುವುದು ಅವಳ ತಾಯಿಯ ಕಾಲದಿಂದ ಬಂದ ನಡೆ. ಹಸಿದ ಕೌದಿ ಮಲಗಿದವರನ್ನು ಬೆಚ್ಚಗಿಡುವುದಿಲ್ಲ ಎಂದು ನಂಬಿಕೆ. ಚೂರು ಇಡುವಾಗ ಬೀರಪ್ಪನ ಹೆಸರು ಹೇಳಬೇಕು. ಹೇಳಲು ಬಾಯಿ ತೆರೆದಳು, ಹೆಸರು ಬರಲಿಲ್ಲ. ಕೆಮ್ಮು ಬಂದವಳಂತೆ ಕೆಮ್ಮಿ, ಮೂಲೆ ಹೊಲಿದು, ದಾರ ಕಡಿದಳು.

ಸಂಜೆ ನೇತ್ರಾ ಬಂದಾಗ ಕೌದಿ ಆಗಲೇ ಚೀಲದೊಳಗೆ ಸೇರಿತ್ತು. ಗಂಡನ ಒಗೆದ ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಿದ್ದಳು ರಾಮವ್ವ. ನೇತ್ರಾ ಚೀಲದ ಬಾಯಿ ಅಗಲಿಸಿ, ಪಂಚೆಯ ತುದಿಯಷ್ಟೇ ಸರಿಸಿ, ಕೆಂಪು ಸೆರಗಿನ ತೆನೆಯ ಚಿತ್ತಾರ ಕೌದಿಯ ಅಂಚಿನ ಸುತ್ತ ಬಂದದ್ದನ್ನು ನೋಡಿ, "ಅಯ್ಯ, ಎಷ್ಟ ಚೆಂದ ಆಗೈತ್ರಿ ರಾಮಕ್ಕ! ಕೂಸಿಗಿ ಬ್ಯಾಡ, ನಾನ ಹೊತಗೊಂತೇನಿ," ಎಂದು ನಗುತ್ತ ಹೋದಳು. ಬೇರೆ ದಿನವಾಗಿದ್ದರೆ ಆ ಮಾತು ರಾಮವ್ವನಿಗೆ ವಾರಕ್ಕೆ ಸಾಕಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕಟ್ಟೆಯ ಮೇಲೆ ನೆರೆಮನೆಯ ಸುಧಾರಾಣಿ ಮತ್ತು ಓಣಿಯ ಒಂದಿಬ್ಬರು ಹೆಂಗಸರು ಕೂತಿದ್ದರು. ರಾಮವ್ವ ಇನ್ನೊಂದು ಮನೆಯ ದೊಡ್ಡ ಕೌದಿ ಶುರುಮಾಡಿದ್ದಳು. ಸುಧಾರಾಣಿ ಸೂಜಿಗೆ ದಾರ ಪೋಣಿಸಿ ಕೊಡುತ್ತ ಊರ ಸುದ್ದಿ ಹೇಳುತ್ತಿದ್ದಳು. ಆಗ ನೇತ್ರಾಳ ಸ್ಕೂಟಿ ಬಂತು. ಅವಳು ಇಳಿಯುವ ಮೊದಲೇ ಕೇಳಿದಳು.

"ರಾಮಕ್ಕಾ, ಮಾವಾರ ರುಮಾಲ ಇಲ್ಲೇ ಉಳಿದೈತೇನ್ರಿ? ಅತ್ತ್ಯಾರು ನಿನ್ನಿಯಿಂದ ಕೇಳಾಕತ್ತಾರ."

ಎಲ್ಲರೂ ರಾಮವ್ವನ ಕಡೆ ನೋಡಿದರು. ಕಟ್ಟೆಯ ಮೇಲೆ ಅಷ್ಟು ಜನ ಇಲ್ಲದಿದ್ದರೆ ನಿಜ ಹೇಳುತ್ತಿದ್ದಳೋ ಏನೋ. ಅವಳ ಕಣ್ಣ ಮುಂದೆ ಹಿಂದಿನ ಓಣಿಯ ಆ ಹೆಂಗಸು ಉಳ್ಳಾಗಡ್ಡಿಯ ರಾಶಿಯ ಮುಂದೆ ಕೂತದ್ದು ಬಂತು.

"ಇಲ್ಲಲ್ಲ ತಂಗಿ. ಚೀಲದಾಗ ಇಟ್ಟಿದ್ನಿ. ಕೌದಿ ಬಾಜೂಕ."

"ಚೀಲದಾಗ? ಖರೇನ್ರಿ?"

"ಖರೆ."

ಸೂಜಿ ನಡೆಯುತ್ತಲೇ ಇತ್ತು. ಅವಳು ತಲೆ ಎತ್ತಲಿಲ್ಲ.

"ಗಾಡಿ ಮ್ಯಾಲಿಂದ ಹಾರಿರಬೇಕ ತಗೋರಿ," ಎಂದಳು ಸುಧಾರಾಣಿ. "ನೀವ ಈಗಿನವರು ಗಾಳಿಗಿಂತ ಜೋರ ಹೋಗ್ತೀರಿ. ರುಮಾಲ ಅಷ್ಟ ಹೋಗೇತಿ, ಪುಣ್ಯಾ. ಸೀರಿ ಹಾರಿದ್ರ ಏನ ಮಾಡ್ತಿದ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ನೇತ್ರಾ ನಗಲಿಲ್ಲ. ಹ್ಯಾಂಡಲ್ ಹಿಡಿದು ನಿಂತು ನೆನಪು ಮಾಡಿಕೊಳ್ಳತೊಡಗಿದಳು. "ಡೇರಿ ಮುಂದ ಹಾಲಿಗಿ ನಿಂತಿದ್ನಿ. ಆಗ ಚೀಲ ವಾಲಿತ್ತು... ಹೌದು, ವಾಲಿತ್ತು. ಅಲ್ಲೇ ಬಿದ್ದಿರಬೇಕು." ಸ್ವಲ್ಪ ಹೊತ್ತಿನಲ್ಲೇ ಅವಳು ಮಾಡದ ತಪ್ಪು ಅವಳಿಗೇ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು. "ನನ್ನ ಕೈಲೆನ ಕಳೀತ್ರಿ ರಾಮಕ್ಕ. ಅತ್ತ್ಯಾರ ಮುಂದ ಹೆಂಗ ಹೇಳ್ಲಿ?" ಎಂದು ತಿರುಗಿ ಹೋದಳು.

ಸಂಜೆ ಸುಧಾರಾಣಿ ಮೊಬೈಲು ಹಿಡಿದು ಓಡಿ ಬಂದಳು.

"ರಾಮಕ್ಕ, ನೋಡಬೇ ಇಲ್ಲಿ. ನಿನ್ನ ಕೌದಿ ಸ್ಟೇಟಸ್ಸಿಗೆ ಬಂದೈತಿ!"

ಶಿವಗಂಗಾ ಹಾಕಿದ ಚಿತ್ರ. ಕೂಸು ಕೌದಿಯ ಮೇಲೆ ಬೋರಲು ಮಲಗಿ, ಒಂದು ಚೌಕದ ಮೂಲೆಯನ್ನು ಬಾಯಲ್ಲಿಟ್ಟುಕೊಂಡು ನಗುತ್ತಿತ್ತು. ರಾಮವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ಗಳಿಗೆ ಮನಸ್ಸು ತುಂಬಿ ಬಂತು. ತನ್ನ ಹೊಲಿಗೆಯ ಮೇಲೆ ಒಂದು ಜೀವ ನಗುವುದು ಸಣ್ಣ ಮಾತೇ? ಆಮೇಲೆ ಕಣ್ಣು ಕೂಸಿನ ಹೊಟ್ಟೆಯ ಕೆಳಗೆ ಹೋಗಿ ನಿಂತಿತು. ಮೂರು ತುಂಡುಗಳಲ್ಲಿ ನಡುವಿನದು ಸರಿಯಾಗಿ ಅಲ್ಲಿತ್ತು.

"ಆ ನೇತ್ರಾ ನೋಡು," ಎಂದಳು ಸುಧಾರಾಣಿ, "ಮಧ್ಯಾನ್ಹದಾಗ ಡೇರಿ ಮುಂದಿನ ಗಟಾರದಾಗ ಬಗ್ಗಿ ಬಗ್ಗಿ ಹುಡುಕಾಕತ್ತಿದ್ಳು. ಅತ್ತಿ ಬೈದಿಲ್ಲಂತ. ಬೈದಿದ್ರ ಚಲೋ ಇತ್ತು. ಮಾತ ಬಿಟ್ಟಾಳಂತ ಮುದುಕಿ."

ರಾಮವ್ವ ಫೋನು ತಿರುಗಿ ಕೊಟ್ಟಳು. ಆ ರಾತ್ರಿ ಕನಕಪ್ಪ ರೊಟ್ಟಿ ಕೇಳಿದರೆ ಪಲ್ಯ ಬಡಿಸಿದಳು, ಪಲ್ಯ ಕೇಳಿದರೆ ನೀರು ಇಟ್ಟಳು.

ಶನಿವಾರ ಬಸ್ಸು ಹತ್ತಿ ಇಳಕಲ್ಲಿಗೆ ಹೋದಳು. ಅಲ್ಲಿ ಸಂತೆಯ ಕಡೆ ತಿರುಗುವ ರಸ್ತೆಯಲ್ಲಿ ಮುರ್ತುಜಸಾಬನ ಟೇಲರ್ ಅಂಗಡಿ. ಅವನು ಹೊಲಿದು ಉಳಿದ ರವಿಕೆ ಖಣದ ತುಂಡು, ಪಾಪ್ಲಿನ್ ತುಂಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ರಾಮವ್ವನಿಗಾಗಿ ಇಡುತ್ತಾನೆ. ಅವಳು ಅವನ ಮೊಮ್ಮಕ್ಕಳಿಗೆ ಹೊಲಿದ ಕೌದಿಯನ್ನು ಅವನು ಗಿರಾಕಿಗಳಿಗೆಲ್ಲ ತೋರಿಸಿದ್ದಾನೆ.

"ಬಾ ರಾಮವ್ವ, ಬಾ. ಈ ಸಲ ಹಸರ ಖಣ ಭಾಳ ಬಂದೈತಿ. ನಿನ್ನ ನಸೀಬ," ಎಂದು ಅವನು ಯಂತ್ರ ನಿಲ್ಲಿಸಿದ.

"ಖಣ ಇರ್ಲಿ ಮುರ್ತುಜಣ್ಣ. ಒಂದ ರುಮಾಲ ಬೇಕಾಗಿತ್ತು. ಬಿಳೇದು. ಹಳೇದು."

"ಹೊಸಾದ ಬೇಕಾದಷ್ಟ ಅದಾವು, ಮುಂದಿನ ಅಂಗಡ್ಯಾಗ."

"ಹೊಸಾದ ತಗೊಂಡು, ಚಾದ ನೀರಾಗ ಅದ್ದಿ, ಬಿಸಲಿಗಿ ಹಾಕಿದ್ರ ಹಳೇದರಂಗ ಆಗೂದಿಲ್ಲೇನು?"

ಮುರ್ತುಜಸಾಬ ಕನ್ನಡಕ ಕೆಳಗೆ ಜಾರಿಸಿ ಅವಳನ್ನು ನೋಡಿದ. "ಬಣ್ಣ ಹಳೇದಾಗ್ತೈತಿ. ರುಮಾಲ ಹಳೇದಾಗಬೇಕಂದ್ರ ತಲಿ ಬೇಕಲ್ಲಬೇ. ಯಾರ ತಲೀದು ಕಳದಿ?"

ನಗೆಯಲ್ಲಿ ಅಂದ ಮಾತು. ರಾಮವ್ವನಿಗೆ ನಗೆ ಬರಲಿಲ್ಲ. ಅವಳ ಕೈ ತಾನಾಗಿ ಸೆರಗಿನ ಅಂಚು ಮಡಿಸುತ್ತ ಬಿಚ್ಚುತ್ತ ಇತ್ತು. ಹೇಳಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಅಂಗಿಯ ಅಳತೆಗೆ ನಿಂತ. ಮುರ್ತುಜಸಾಬ ಟೇಪು ಹಿಡಿದು ಎದ್ದ. ಅವನು ಕಟ್ಟಿಟ್ಟಿದ್ದ ಹಸಿರು ಖಣದ ತುಂಡುಗಳನ್ನು ಎತ್ತಿಕೊಂಡು ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಹೊಸ ರುಮಾಲುಗಳು ಅಟ್ಟಿ ಅಟ್ಟಿಯಾಗಿ ಇದ್ದವು. ಒಂದನ್ನು ಮುಟ್ಟಿ ನೋಡಿದಳು. ಗಂಜಿಯ ಗಡಸು. ನೀಲಾಬಾಯಿ ಕಣ್ಣು ಮುಚ್ಚಿ ಮುಟ್ಟಿದರೂ ಇದು ಅವರ ಯಜಮಾನರದಲ್ಲ ಎಂದು ಹೇಳುತ್ತಾರೆ. ಕೈ ಹಿಂದಕ್ಕೆ ತೆಗೆದಳು.

ಭಾನುವಾರ ಬೀರಪ್ಪನ ಗುಡಿಯಲ್ಲಿ ಜನವಿರುತ್ತದೆ. ರಾಮವ್ವ ಯಾವಾಗಲೂ ಮುಂದಿನ ಸಾಲಿನಲ್ಲಿ ನಿಲ್ಲುವವಳು. ಅಂದು ಕಂಬದ ಹಿಂದೆ ನಿಂತಳು. ಪೂಜಾರಿ ಭಂಡಾರದ ತಟ್ಟೆ ಹಿಡಿದು ಬಂದಾಗ ಹಣೆ ಎತ್ತಲಿಲ್ಲ. ಪೂಜಾರಿ ಒಂದು ಕ್ಷಣ ಕಾದು, ಬಗ್ಗಿದ ತಲೆಯ ಬೈತಲೆಯ ಮೇಲೆಯೇ ಒಂದಿಷ್ಟು ಉದುರಿಸಿ ಮುಂದೆ ಹೋದ. ದೇವರು ಕೇಳಿದ್ದರೆ ಉತ್ತರ ಹೇಳಬಹುದಿತ್ತು. ಕೇಳದೆ ಕೊಟ್ಟದ್ದು ಅವಳಿಗೆ ಭಾರವಾಯಿತು.

ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಹೇಳಿದಳು. ಕನಕಪ್ಪ ಹಗ್ಗ ಹೊಸೆಯುತ್ತ ಕೇಳಿದ.

"ನಾಳೆ ಕೂಸು ಬಾಗಲಕೋಟಿಗೆ ಹೋಗ್ತೈತಿ," ಎಂದ ಕಡೆಗೆ. "ಕೌದೀನೂ ಹೋಗ್ತೈತಿ. ಅದರ ಹೊಟ್ಟಿ ಬಿಚ್ಚಿ ನೋಡವರ್ಯಾರು? ಅತ್ತಿ ಸೊಸಿ ಇವತ್ತ ಮಾತ ಬಿಡ್ತಾರ, ನಾಳೆ ಆಡ್ತಾರ. ಅವರ ಮನ್ಯಾಗಿಂದು ಅವರಿಗಿ. ಸುಮ್ನಿರು."

"ಆಕಿ ಗಟಾರ ಹುಡುಕ್ಯಾಳ."

"ಈಗ ಹೇಳಿದ್ರ ನಿನಗ ಏನಂತಾರ ಗೊತ್ತೈತಲ್ಲ?"

"ಗೊತ್ತೈತಿ."

"ಮತ್ತ?"

ರಾಮವ್ವನ ಹೆದರಿಕೆ ಹೋಗಿರಲಿಲ್ಲ. ಆದರೆ ಕೂಸು ನಾಳೆ ಊರು ಬಿಟ್ಟ ಮೇಲೆ ಹೇಳಿದರೂ ಹೇಳದಿದ್ದರೂ ಒಂದೇ. ನೇತ್ರಾ ಸಾಯುವತನಕ ಮಾವನ ರುಮಾಲು ಕಳೆದವಳಾಗಿಯೇ ಆ ಮನೆಯಲ್ಲಿ ಉಳಿಯುತ್ತಾಳೆ. ಮುಂದೆ ಆ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಮೊದಲು ಅವಳ ಕಡೆ ನೋಡುತ್ತಾರೆ. ರಾಮವ್ವನಿಗೆ ಬೇಡವಾದ ಹೆಸರು ಸದ್ದಿಲ್ಲದೆ ಆ ಹುಡುಗಿಯ ಪಾಲಿಗೆ ಹೋಗಿತ್ತು.

ಸೋಮವಾರ ಅವಳು ಪೇಟೆಗೆ ಹೋದಾಗ ನೀಲಾಬಾಯಿಯವರ ಮನೆಯ ಮುಂದೆ ಟಂಟಂ ಆಟೋ ನಿಂತಿತ್ತು. ತೊಟ್ಟಿಲನ್ನು ಹಗ್ಗ ಹಾಕಿ ಬಿಗಿಯುತ್ತಿದ್ದರು. ಒಳಗೆ ಬಾಗಲಕೋಟೆಯ ಬೀಗರ ಮಾತು, ನಗು, ತಟ್ಟೆಗಳ ಸದ್ದು. ಹೂರಣದ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ನೇತ್ರಾ ಮನೆಯ ಪಕ್ಕದ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಊಟಕ್ಕ ಬಂದ್ರ್ಯಾ ರಾಮಕ್ಕ? ಬರ್ರಿ, ಒಳಗ ಬರ್ರಿ."

"ಊಟಕ್ಕಲ್ಲ ತಂಗಿ." ರಾಮವ್ವ ಹತ್ತಿರ ಹೋದಳು. ಸಂಚಿಯಲ್ಲಿ ಕತ್ತರಿ ಇತ್ತು. ಅದರ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು. "ನಿಮ್ಮ ಮಾವಾರ ರುಮಾಲ ಕಳದಿಲ್ಲ. ಕೌದಿ ಹೊಟ್ಟ್ಯಾಗ ಐತಿ. ನಾನ ಹಾಕೀನಿ."

ನೇತ್ರಾಗೆ ಅರ್ಥವಾಗಲಿಲ್ಲ. ಕೊಡ ತುಂಬಿ ನೀರು ಹೊರಗೆ ಚೆಲ್ಲತೊಡಗಿತು. ಇಬ್ಬರೂ ನಳ ನಿಲ್ಲಿಸಲಿಲ್ಲ.

"ನಮ್ಮ ಆಡು ಒಂದ ಸೀರಿ ತಿಂತು. ಅರಬಿ ಕಡಿಮಿ ಬಿತ್ತು. ಬಂದು ಹೇಳಬೇಕಾಗಿತ್ತು, ಹೇಳಲಿಲ್ಲ. ರುಮಾಲಕ್ಕ ಕತ್ತರಿ ಹಾಕಿದ್ನಿ. ನೀ ಕೇಳಾಕ ಬಂದಾಗ ಚೀಲದಾಗ ಇಟ್ಟೇನಿ ಅಂದದ್ದು ಸುಳ್ಳು."

"ಚೀಲದಾಗ ಇರಲಿಲ್ಲ?" ಎಂದಳು ನೇತ್ರಾ ನಿಧಾನವಾಗಿ. "ಹಂಗಾರ ನಾ ಬೀಳಿಸಿಲ್ಲ?"

"ಇಲ್ಲ."

ನೇತ್ರಾ ನಳ ನಿಲ್ಲಿಸಿದಳು. "ಡೇರಿ ಮುಂದಿನ ಗಟಾರದಾಗ ಕೈ ಹಾಕಿ ಹುಡುಕೀನ್ರಿ ನಾ. ಹಾಲ ಹಾಕಾವ್ರು ನಿಂತ ನೋಡಿದ್ರು. ಅತ್ತ್ಯಾರು ನನ್ನ ಹೆಸರ ಹಿಡದು ಕರದು ಮೂರ ದಿನ ಆತು. ಏನರ ಬೇಕಾದ್ರ ಗ್ವಾಡಿ ನೋಡಿ ಹೇಳ್ತಾರ. ನಾ ಖರೇನ್ರಿ ಅಂತ ಕೇಳಿದ್ನಿ. ಅಷ್ಟ ಮಂದ್ಯಾಗ ನೀವ ಖರೆ ಅಂದ್ರಿ!"

"ಅಂದ್ನಿ."

"ನಮ್ಮ ಅವ್ವನ ವಾರಿಗಿಯವರ ನೀವು."

ರಾಮವ್ವ ತಲೆ ತಗ್ಗಿಸಿ ನಿಂತಳು. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬಂದಾಗ ಬಹಳ ಸಣ್ಣದಾಗಿತ್ತು. ಆದರೂ ಅಂದಳು. "ಕೌದಿ ತಾ. ಟಂಟಂ ಹೊರಡೂದ್ರಾಗ ಬಿಚ್ಚಿ ತಗದ ಕೊಡ್ತೇನಿ. ತುಂಡು ಆಗೇತಿ, ಜೋಡಿಸಿ ಹೊಲಿತೇನಿ. ಮೊದಲಿನಂಗ ಆಗೂದಿಲ್ಲ."

ನೇತ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಯಾರೋ ಅವಳನ್ನು ಕರೆದರು. "ಬಂದ್ನಿ" ಎಂದು ಕೂಗಿ ಅಲ್ಲೇ ನಿಂತಳು. ಬಾಗಿಲ ಕಡೆ ನೋಡಿದಳು, ರಾಮವ್ವನ ಕಡೆ ನೋಡಿದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅವಳು ಲೆಕ್ಕ ಬಲ್ಲ ಮನೆಯ ಸೊಸೆ.

"ಬಿಚ್ಚಬ್ಯಾಡ್ರಿ," ಎಂದಳು ದನಿ ತಗ್ಗಿಸಿ. "ಬೀಗರು ಬಂದಾರ. ಅವರ ಮುಂದ ಅತ್ತ್ಯಾರು ನಿಮ್ಮನ್ನ ಅರಬಿ ಕದ್ದಾಕಿ ಅಂದ್ರ ಬಾಗಲಕೋಟಿತನಕ ಹೋಗ್ತೈತಿ ಆ ಮಾತು. ನಾ ಒಂದ ಹೇಳ್ತೇನಿ, ಕೇಳ್ರಿ. ನಾನ ಹಾಕ್ಸಿದ್ನಿ ಅಂತ ಹೇಳ್ತೇನಿ. ಅಜ್ಜನ ರುಮಾಲ ಕೂಸಿನ ಮೈಗಿ ಹತ್ತಿರ್ಲಿ ಅಂತ ನಾನ ರಾಮಕ್ಕಗ ಹೇಳಿ ಒಳಗ ಹಾಕ್ಸಿದ್ನಿ, ಕಳಸೂ ದಿನ ಹೇಳಬೇಕಂತ ಸುಮ್ನಿದ್ನಿ ಅಂತೇನಿ. ಅತ್ತ್ಯಾರು ಅತ್ತಬಿಡ್ತಾರ. ಸಿಟ್ಟೆಲ್ಲ ಇಳೀತೈತಿ. ನನಗೂ ಚಲೋ, ನಿಮಗೂ ಚಲೋ."

ರಾಮವ್ವ ಅದನ್ನು ಕಣ್ಣ ಮುಂದೆ ಕಂಡಳು. ನೀಲಾಬಾಯಿ ಕೌದಿಯನ್ನು ಎದೆಗೆ ಒತ್ತಿಕೊಳ್ಳುವುದು, ಸೊಸೆಯ ತಲೆ ಸವರುವುದು, ಬೀಗರು ಎಂಥಾ ಜಾಣ ಸೊಸೆ ಎನ್ನುವುದು. ಕಟ್ಟೆಗೆ ಎಂದಿನಂತೆ ಗಂಟುಗಳು ಬರುತ್ತಲೇ ಇರುವುದು. ಯಾರಿಗೂ ನೋವಿಲ್ಲ. ಬೇಕೆಂದರೂ ಇದಕ್ಕಿಂತ ಅಚ್ಚುಕಟ್ಟಾದ ದಾರಿ ಸಿಗುತ್ತಿರಲಿಲ್ಲ. ಒಂದು ಗಳಿಗೆ ಅವಳ ಕೈ ಸಂಚಿಯ ಮೇಲಿಂದ ಜಾರಿತು.

"ಬ್ಯಾಡ ತಂಗಿ," ಎಂದಳು.

"ಯಾಕ್ರಿ? ನನಗೇನೂ ಆಗೂದಿಲ್ಲ."

"ಮೂರ ದಿನ ಮಾತ ಬಿಟ್ರೂ ಯಾಕ ಬಾಯಿ ಬಿಡಲಿಲ್ಲ, ಗಟಾರ ಯಾಕ ಹುಡುಕಿದಿ ಅಂತ ಕೇಳ್ತಾರ. ಅದಕ್ಕ ಇನ್ನೊಂದ ಹೇಳಬೇಕು. ನನ್ನ ಸುಳ್ಳು ಹೊತ್ತು ನೀ ಆಗಲೇ ರಸ್ತಾ ತುಂಬ ತಿರಗೀದಿ. ಸಾಕು."

"ನಿಮ್ಮ ಕಟ್ಟಿಗಿ ಮತ್ತ ಯಾರೂ ಗಂಟ ತರೂದಿಲ್ರಿ ರಾಮಕ್ಕ. ತಿಳದ ನೋಡ್ರಿ."

"ತಿಳದೇತಿ." ರಾಮವ್ವ ಸಂಚಿಯನ್ನು ಕಂಕುಳಿಗೆ ಏರಿಸಿಕೊಂಡಳು. "ನೀ ಮಾಡ್ತೇನಿ ಅಂದಿಯಲ್ಲ, ಅದ ನನಗ ದೊಡ್ಡದಾತು. ಆ ಉಪಕಾರ ಮಾತ್ರ ಬ್ಯಾಡವ್ವ. ಇದ್ದದ್ದು ನಾನ ಹೇಳ್ತೇನಿ. ನೀ ಇಲ್ಲೇ ನಿಲ್ಲು, ನನ್ನ ಹಿಂದ ಬರಬ್ಯಾಡ. ಬಂದ್ರ ನಡುವ ಬಾಯಿ ಹಾಕ್ತಿ."

ಚಪ್ಪಲಿಗಳನ್ನು ಬೀಗರ ಚಪ್ಪಲಿಗಳ ಪಕ್ಕದಲ್ಲಿ ಬಿಟ್ಟು ಅವಳು ಹೊಸ್ತಿಲು ದಾಟಿದಳು. "ನೀಲಕ್ಕಾರು ಎಲ್ಲಿ ಅದಾರ್ರಿ?" ಎಂದು ಕೇಳಿದ್ದು ಹೊರಗೆ ನಳದ ತನಕ ಕೇಳಿಸಿತು.